ಡಿಸ್ಕು ತುಂಬ್ಯಾದ, ಮಷೀನು ನಿಂದ್ರಂಗಿಲ್ಲ

ಭಾರತ ಹುಣ್ಣಿಮೆಯ ಜಾತ್ರೆ ಮುಗಿದಿತ್ತು. ತಿಂಥಣಿ ಮೌನೇಶ್ವರನ ಗುಡಿಯ ಸುತ್ತ ಬೆಂಡು ಬತ್ತಾಸಿನ ಅಂಗಡಿಗಳು ಒಂದೊಂದಾಗಿ ಗಂಟು ಕಟ್ಟುತ್ತಿದ್ದವು. ಮಾತಿಗೆ ಕೂತವರು ಇಬ್ಬರು. ಸುರಪುರ ತಾಲ್ಲೂಕಿನ ಹಳ್ಳಿಗಳಲ್ಲಿ ತಲಾಟಿಯಾಗಿ ದುಡಿದು ನಿವೃತ್ತರಾದ ಕಾಕಾ, ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಅವರ ಅಣ್ಣನ ಮಗಳು.

ಕಾಕಾ: ನಿನ್ನೆ ರಾತ್ರಿ ಫೋನ್ ಹಚ್ಚಿ ಯಾರಿಗೋ “ಏನೂ ಮುಟ್ಟಬ್ಯಾಡ, ಏನೂ ಅಳಿಸಬ್ಯಾಡ” ಅನ್ಲಕತ್ತಿದ್ದಿ. ಯಾರ ಮನ್ಯಾಗ ಏನಾತೋ ಅಂತ ಗಾಬರಿ ಆದೆ.

ಮಗಳು: ಮನಿ ಮಾತಲ್ಲ ಕಾಕಾ. ಒಂದು ಸರ್ವರಿನ ಡಿಸ್ಕು ನೂರಕ್ಕ ತೊಂಬತ್ತೆರಡು ತುಂಬ್ಯಾದ ಅಂತ ಮೆಸೇಜ್ ಬಂತು. ಕಾಗದಪತ್ರ ಸ್ಕ್ಯಾನ್ ಮಾಡಿ ಇಡೋ ಸರ್ವರ್ ಅದು. ಹಗಲೂ ರಾತ್ರಿ ಜನ ಬಳಸ್ತಾರ, ನಿಂದ್ರಸಂಗಿಲ್ಲ. ಅಲ್ಲಿದ್ದ ಹುಡುಗ ಹೊಸಬ. ತುಂಬ್ಯಾದ ಅಂದಕೂಡ್ಲೇ ಅವಗ ಎರಡೇ ಹೊಳೀತಾವ. ಹಳೇದು ಅಳಿಸು, ಇಲ್ಲಾ ಡಿಸ್ಕು ದೊಡ್ಡದು ಮಾಡು.

ಕಾಕಾ: ಅವೆರಡು ಬಿಟ್ಟು ಮತ್ತೇನದ?

ಮಗಳು: ಯಾವುದು ತುಂಬ್ಯಾದ, ಯಾಕ ತುಂಬ್ಯಾದ ಅಂತ ನೋಡೋದು. ‘ಡಿಎಫ್’ ಅಂತ ಒಂದು ಆಜ್ಞೆ ಅದ, ಒಟ್ಟು ಜಾಗ ಎಷ್ಟು, ಖಾಲಿ ಎಷ್ಟು ಹೇಳ್ತದ. ‘ಡಿಯು’ ಅಂತ ಇನ್ನೊಂದು, ಯಾವ ಫೋಲ್ಡರ್ ಎಷ್ಟು ಹಿಡಿದದ ಅಂತ ಎಣಿಸಿ ಹೇಳ್ತದ. ಎರಡರ ಲೆಕ್ಕಾನೂ ಹೆಚ್ಚೂಕಮ್ಮಿ ತಾಳೆ ಆಗಬೇಕು. ಒಮ್ಮೊಮ್ಮೆ ಆಗಂಗಿಲ್ಲ. ಡಿಎಫ್ ನೋಡಿದ್ರ 400 ಜಿಬಿ ತುಂಬ್ಯಾದ ಅಂತದ, ಡಿಯು ಎಣಿಸಿದ್ರ 250ಕ್ಕ ನಿಂದರ್ತದ.

ಕಾಕಾ: ನಡುವಿನ ನೂರಾ ಐವತ್ತು ಎಲ್ಲಿ ಹೋತು?

ಮಗಳು: ಯಾರೋ ಒಂದು ದೊಡ್ಡ ಲಾಗ್ ಫೈಲ್ ಅಳಿಸಿರ್ತಾರ. ಅದನ್ನ ತೆರೆದಿಟ್ಟಿದ್ದ ಪ್ರೋಗ್ರಾಂ ಇನ್ನೂ ನಡೀಲಕತ್ತಿರ್ತದ. ಫೈಲಿನ ಹೆಸರು ಪಟ್ಟಿಯಿಂದ ಹೋಗಿರ್ತದ, ಜಾಗ ಮಾತ್ರ ಬಿಟ್ಟಿರಂಗಿಲ್ಲ. ಆ ಪ್ರೋಗ್ರಾಂ ಫೈಲನ್ನ ಕೈಬಿಟ್ರ ಒಂದೇ ಕ್ಷಣಕ್ಕ 150 ಜಿಬಿ ವಾಪಸ್ ಬರ್ತದ. ಇದನ್ನ ನೋಡ್ದೆ ಡಿಸ್ಕು ಹಿಗ್ಗಿಸಿದ್ರ ರೊಕ್ಕಾನೂ ದಂಡ, ರೋಗಾನೂ ಒಳಗೇ ಉಳೀತು. ಇನ್ನೊಂದು ಅದ. ಖಾಲಿ ಜಾಗ ಇದ್ದೂ ‘ಜಾಗ ಇಲ್ಲ’ ಅಂತದ. ಫೈಲ್ ಒಂದಕ್ಕ ಒಂದರಂಗ ಐನೋಡ್ ಬೇಕು. ಲಕ್ಷಗಟ್ಟಲೆ ಸಣ್ಣ ಸಣ್ಣ ಫೈಲ್ ಕೂಡಿದ್ರ ಜಾಗ ಮುಗಿಯೋಕಿಂತ ಮೊದಲೇ ಐನೋಡ್ ಮುಗೀತಾವ. ಅದನ್ನ ನೋಡ್ಲಿಕ್ಕೆ ಡಿಎಫ್ ಮುಂದ ಮೈನಸ್ ಐ ಹಾಕಬೇಕು. ಬಹಳ ಮಂದಿ ಹಾಕಂಗಿಲ್ಲ.

ಕಾಕಾ: ನಿಮ್ಮ ಸರ್ವರಿಗೆ ಯಾವ ರೋಗ?

ಮಗಳು: ರೋಗಲ್ಲ, ಖರೇನೇ ಬೆಳವಣಿಗಿ. ಸ್ಕ್ಯಾನ್ ಪುಟಗಳು ಬರ್ಲಕತ್ತಾವ. ನೀವು ಪಹಣಿ ಬರೆದೋರು, ನಿಮಗ ಗೊತ್ತದಲ್ಲ.

ಕಾಕಾ: ಗೊತ್ತಿಲ್ದೇ ಏನು. 2000ದ ಸುಮಾರಿಗೆ ‘ಭೂಮಿ’ ಬಂತು. ಆಗ ನಾವಿನ್ನೂ ಗುಲ್ಬರ್ಗಾ ಜಿಲ್ಲಾದಾಗ ಇದ್ವಿ, ಯಾದಗಿರಿ ಜಿಲ್ಲಾ ಆಗಿರಲಿಲ್ಲ. ಕೈಯಾಗ ಬರೆದ ಪಹಣಿ ಕಂಪ್ಯೂಟರ್ ಒಳಗ ಹೋದ್ವು. ಆಮ್ಯಾಲ ತಾಲ್ಲೂಕು ಕಚೇರಿ ಕಂಪ್ಯೂಟರ್‌ನಿಂದ ಬಂದ ಪಹಣಿಗಷ್ಟೇ ಬೆಲೆ. ರಾಜ್ಯದ ಎರಡು ಕೋಟಿ ಪಹಣಿ ಅಂತ ಆವಾಗ ಪೇಪರ್‌ನ್ಯಾಗ ಬರೀತಿದ್ರು. ಅಷ್ಟು ಹಿಡಿಸ್ಲಿಕ್ಕೆ ಎಷ್ಟು ದೊಡ್ಡ ಡಿಸ್ಕು ಬೇಕೋ ಅಂತ ನಮಗ ಸೋಜಿಗ.

ಮಗಳು: ಅಷ್ಟು ದೊಡ್ಡದೇನೂ ಬೇಕಿರಲಿಲ್ಲ. ಸರ್ವೆ ನಂಬರ್, ಹೆಸರು, ಎಕರೆ, ಗುಂಟೆ, ಎಲ್ಲಾ ಬರೇ ಅಕ್ಷರ. ಅಕ್ಷರ ಜಾಗ ತಿನ್ನಂಗಿಲ್ಲ. ಸುರುವಿಗೆ ಒಂದೊಂದು ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಸರ್ವರ್‌ನ್ಯಾಗೇ ಇತ್ತು, ಆಮ್ಯಾಲ ಬೆಂಗಳೂರಿನ ಡೇಟಾ ಸೆಂಟರಿಗೆ ಹೋತು. ಈಗಿನ ಮಾತು ಬ್ಯಾರೆ. 2024ರಾಗ ‘ಭೂ ಸುರಕ್ಷಾ’ ಅಂತ ಸುರು ಆತಲ್ಲ, ತಹಶೀಲ್ದಾರ್ ಕಚೇರಿ ರೆಕಾರ್ಡ್ ರೂಮಿನ ಹಳೇ ಕಡತ ಎಲ್ಲಾ ಸ್ಕ್ಯಾನ್ ಮಾಡೋದು. ಸ್ಕ್ಯಾನ್ ಅಂದ್ರ ಚಿತ್ರ. ಒಂದು ಪುಟಕ್ಕ ಒಂದು ಎಂಬಿ ಹಿಡಿದ್ರೂ ಹತ್ತು ಲಕ್ಷ ಪುಟಕ್ಕ ಒಂದು ಟಿಬಿ. ನಮ್ಮ ಸರ್ವರ್ ಸರಕಾರದ್ದಲ್ಲ, ಆದ್ರ ಅದರ ಹಸಿವು ಇದೇ ಜಾತಿದು. ಹಳೇದು ಅಳಿಸು ಅನ್ನೋ ಮಾತೇ ಬರಂಗಿಲ್ಲ, ಹಳೇದು ಇಡ್ಲಿಕ್ಕೇ ಅದನ್ನ ಕಟ್ಟಿದ್ದು.

ಕಾಕಾ: ಹಂಗಿದ್ರ ಸುರುವಿಗೇ ದೊಡ್ಡದು ತರಬೇಕಿತ್ತು.

ಮಗಳು: ಎಲ್ಲಾರೂ ಅದನ್ನೇ ಅಂತಾರ. ದೊಡ್ಡದು ತಂದ್ರ ಜನ ದೊಡ್ಡದಾಗೇ ತುಂಬ್ತಾರ. ನಾಕು ವರ್ಷದ ಡಿಸ್ಕಿಗೆ ಇವತ್ತೇ ರೊಕ್ಕ ಯಾರು ಕೊಡ್ತಾರ? ಬೇಕಾದಾಗ ಬೇಕಾದಷ್ಟು ಹಿಗ್ಗಿಸೋದೇ ವಾಜಿಮಿ. ಹಿಂಗ ಹಿಗ್ಗಿಸ್ಲಿಕ್ಕೇ ಅಂತ ಲಿನಕ್ಸ್‌ನ್ಯಾಗ ಎಲ್‌ವಿಎಂ ಅದ. ಹೈನ್ಸ್ ಮಾವೆಲ್ಸ್‌ಹಾಗನ್ ಅನ್ನೋರು 1998ರಾಗ ಬರೆದದ್ದು. ಅದಕ್ಕಿಂತ ಮೊದಲೇ ದೊಡ್ಡ ಕಂಪನಿಗಳ ಯೂನಿಕ್ಸ್ ಮಷೀನಿನ್ಯಾಗ ಈ ವಿದ್ಯಾ ಇತ್ತು.

ಕಾಕಾ: ಆತು, ಅದನ್ನ ಹೇಳು. ನಡೀಲಕತ್ತಿದ್ದ ಮಷೀನು, ಒಳಗ ಜನ ಕೆಲಸ ಮಾಡ್ಲಕತ್ತಾರ, ನೀ ಹೋಗಿ ಡಿಸ್ಕು ಹಿಗ್ಗಿಸ್ತಿ. ಹ್ಯಾಂಗ?

ಮಗಳು: ನಮ್ಮ ಸರ್ವರ್ ಕಬ್ಬಿಣದ ಪೆಟಗಿ ಅಲ್ಲ, ದೊಡ್ಡ ಮಷೀನಿನೊಳಗಿನ ವರ್ಚುವಲ್ ಮಷೀನು. ಅದರ ಡಿಸ್ಕು 500 ಜಿಬಿ ಇದ್ದದ್ದನ್ನ 740 ಮಾಡು ಅಂತ ಹೊರಗಿನಿಂದ ಹೇಳಬಹುದು, ಎರಡು ನಿಮಿಷದ ಕೆಲಸ. ಹೊಸಬರು ಇಲ್ಲಿಗೆ ಮುಗೀತು ಅನ್ಕೋತಾರ. ಒಳಗ ಹೋಗಿ ಡಿಎಫ್ ಹೊಡೆದ್ರ ಹಳೇ ಲೆಕ್ಕಾನೇ ತೋರಸ್ತದ, ಅದೇ ತೊಂಬತ್ತೆರಡು.

ಕಾಕಾ: ದೊಡ್ಡದು ಆಗಲಿಲ್ಲೇನು ಮತ್ತ?

ಮಗಳು: ಆಗ್ಯಾದ, ಮ್ಯಾಲಿನವರಿಗೆ ಸುದ್ದಿ ಮುಟ್ಟಿಲ್ಲ.

ಕಾಕಾ: ತಡಿ, ತಡಿ. ಇದು ನಮ್ಮ ಆಲಮಟ್ಟಿ ಡ್ಯಾಮಿನ ಕಥಿ ಆತು. ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಾಗ 524.256 ಮೀಟರ್ ತನಕ ನೀರು ನಿಲ್ಲಿಸ್ರಿ ಅಂತು. ನೀರು ನಿಂದ್ರೋದು ಈಗ್ಲೂ 519.60ಕ್ಕೇ. ಮುಳುಗೋ ಹೊಲದ ಸ್ವಾಧೀನ ಆಗಬೇಕು, ಮುಳುಗೋ ಊರಿಗೆ ಬ್ಯಾರೆ ಜಾಗ ಆಗಬೇಕು, ಕಾಲುವೆ ಆಗಬೇಕು. ಕಾಗದದ ಮ್ಯಾಲ ಎತ್ತರ ಸಿಕ್ಕದ, ನೀರು ಏರಿಲ್ಲ.

ಮಗಳು: ಬರೋಬರಿ ಅದೇ. ಫರಕು ಅಂದ್ರ, ನಮ್ಮಲ್ಲಿ ಯಾರದೂ ಹೊಲ ಮುಳುಗಂಗಿಲ್ಲ, ಅರ್ಧ ಗಂಟಿನ್ಯಾಗ ಮುಗೀತದ. ಆದ್ರ ಮೆಟ್ಟಲ ಬಿಟ್ಟು ಜಿಗ್ಯಂಗಿಲ್ಲ. ಎಲ್ಲಾದಕ್ಕಿಂತ ಕೆಳಗ ಡಿಸ್ಕು, ಅದರ ಮ್ಯಾಲ ಪಾರ್ಟಿಷನ್. ಅದರ ಮ್ಯಾಲ ಎಲ್‌ವಿಎಂ ಅದನ್ನ ತನ್ನದು ಅಂತ ಬರಕೊಂಡ ಫಿಸಿಕಲ್ ವಾಲ್ಯೂಮ್. ಅಂಥವು ಕೂಡಿದ್ದು ವಾಲ್ಯೂಮ್ ಗ್ರೂಪ್, ಅದರೊಳಗಿಂದ ಕೊರೆದು ಕೊಟ್ಟಿದ್ದು ಲಾಜಿಕಲ್ ವಾಲ್ಯೂಮ್. ತುದಿಗೆ ಫೈಲ್ ಸಿಸ್ಟಂ, ಫೈಲ್ ಇರೋದು ಅಲ್ಲಿ. ಹಿಗ್ಗಿಸುವಾಗ ಕೆಳಗಿನಿಂದ ಮ್ಯಾಲ ಬರಬೇಕು. ಕುಗ್ಗಿಸೋದಿದ್ರ ಮ್ಯಾಲಿನಿಂದ ಕೆಳಗ. ಈ ಒಂದು ಕ್ರಮ ಉಲ್ಟಾ ಆಗಿ ಹೋದ ಡೇಟಾಕ್ಕ ಲೆಕ್ಕಿಲ್ಲ.

ಕಾಕಾ: ಕುಗ್ಗಿಸ್ಲಿಕ್ಕೂ ಬರ್ತದೇನು?

ಮಗಳು: ನನ್ನ ಕೇಳಿದ್ರ ಬರಂಗಿಲ್ಲ ಅಂತಲೇ ತಿಳಕೋರಿ. ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಂ ನಡೀಲಕತ್ತಾಗಲೇ ಹಿಗ್ಗಿಸಬಹುದು. ಕುಗ್ಗಿಸಬೇಕಂದ್ರ ಬಳಕಿಯಿಂದ ಕಳಚಿ ನಿಲ್ಲಿಸಬೇಕು, ಅಂದ್ರ ಜನ ಹೊರಗ. ಎಕ್ಸ್‌ಎಫ್‌ಎಸ್ ಅಂತ ಇನ್ನೊಂದು ಅದ, ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತೊಂಬತ್ತರ ದಶಕದಾಗ ಮಾಡಿದ್ದು, ಈಗ ದೊಡ್ಡ ಸರ್ವರ್‌ಗಳ ಒಳಗ ಅದೇ ಬಹಳ. ಅದನ್ನ ಕುಗ್ಗಿಸೋದು ಅನ್ನೋ ಮಾತೇ ಇಲ್ಲ ಅಂದ್ರೂ ನಡೀತದ. ಕುಗ್ಗಿಸಬೇಕಂದ್ರ ಬ್ಯಾರೆ ಡಿಸ್ಕಿಗೆ ಎಲ್ಲಾ ನಕಲು ಮಾಡಿ ಇದನ್ನ ಒಗೀಬೇಕು. ಮಜಾ ಏನಂದ್ರ, ಎಕ್ಸ್‌ಎಫ್‌ಎಸ್ ಹಿಗ್ಗಿಸಬೇಕಂದ್ರ ಅದು ಮೌಂಟ್ ಆಗಿ, ನಡೀಲಕತ್ತೇ ಇರಬೇಕು. ನಿಲ್ಲಿಸಿ ಇಟ್ಟಿದ್ರ ಅದು ಹಿಗ್ಗಂಗಿಲ್ಲ. ನಿಲ್ಲಿಸಿ ಮಾಡೋದೇ ಸುರಕ್ಷಿತ ಅನ್ನೋರಿಗೆ ನಾ ಇದನ್ನೇ ಹೇಳ್ತೀನಿ.

ಕಾಕಾ: ಹಂಗಾದ್ರ ಒಮ್ಮೆ ಕೊಟ್ಟದ್ದು ವಾಪಸ್ ತಗೊಳ್ಳಿಕ್ಕೆ ಆಗಂಗಿಲ್ಲ.

ಮಗಳು: ಆಗಂಗಿಲ್ಲ. ಅದಕ್ಕೇ 740 ಜಿಬಿ ಸಿಕ್ಕದ ಅಂತ 740ನ್ನೂ ಒಂದೇ ವಾಲ್ಯೂಮಿಗೆ ಕೊಡಂಗಿಲ್ಲ. ಆಜ್ಞಾ ಏನೋ ಅದ, ‘ಖಾಲಿ ಇದ್ದದ್ದು ನೂರಕ್ಕ ನೂರು ಕೊಡು’ ಅಂತ. ಎಲ್ಲಾ ಪುಸ್ತಕದಾಗೂ ಅದನ್ನೇ ಬರೆದಿರ್ತಾರ, ನನಗ ಅದು ಸೇರಂಗಿಲ್ಲ. ನಾಳೆ ಲಾಗ್ ಇಡೋ ವಾಲ್ಯೂಮ್ ತುಂಬ್ತು ಅನ್ರಿ, ಗ್ರೂಪಿನ್ಯಾಗ ಸ್ವಲ್ಪ ಉಳಿದಿದ್ರ ನಿಂತಕಾಲಲ್ಲಿ ಕೊಡಬಹುದು. ಎಲ್ಲಾ ಕೊಟ್ಟು ಕುಂತ್ರ ಒಂದು ಕಡೆ ಖಾಲಿ ಬಿದ್ದಿರ್ತದ, ಇನ್ನೊಂದು ಕಡೆ ಮಷೀನು ಉಸಿರು ಕಟ್ಟಿರ್ತದ, ನಡುವ ಏನೂ ಮಾಡ್ಲಿಕ್ಕೆ ಬರಂಗಿಲ್ಲ. ಹಿಗ್ಗಿಸೋ ಕೈ ಯಾವಾಗ್ಲೂ ಜರಾ ಜಿಪುಣ ಇರಬೇಕು.

ಕಾಕಾ: ಎಷ್ಟು ಕೊಡಬೇಕು ಅಂತ ಹ್ಯಾಂಗ ತಿಳೀತದ?

ಮಗಳು: ದಿನಕ್ಕ ಎಷ್ಟು ಬೆಳೀತದ ಅಂತ ನೋಡಬೇಕು. ದಿನಾ ಎರಡು ಜಿಬಿ ಬೆಳೆದ್ರ ನೂರು ಜಿಬಿ ಅಂದ್ರ ಐವತ್ತು ದಿನ. ಆ ಹುಡುಗ ‘ಸದ್ಯಕ್ಕ ನೂರು ಹಾಕೋಣ’ ಅಂದ. ಸದ್ಯಕ್ಕ ಅಂದ್ರ ಹೋಳಿ ಕಳೆದು ಯುಗಾದಿ ತನಕ. ಯುಗಾದಿಗೆ ಮತ್ತ ಇದೇ ಫೋನು.

ಕಾಕಾ: ಅದಿರ್ಲಿ. ಮಾಡುವಾಗ ಎಲ್ಲಿ ಕೆಡ್ತದ, ಅದನ್ನ ಹೇಳು. ನೀ ಹೇಳೋದು ಕೇಳಿದ್ರ ಆಜ್ಞಾ ಬರೆದ್ರ ಮುಗೀತು ಅನ್ನಂಗ ಅದ.

ಮಗಳು: ಮೊದಲು ಕೆಡೋದು ಹೆಸರಿನ್ಯಾಗ. ಸರ್ವರ್‌ನ್ಯಾಗ ಡಿಸ್ಕಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಹೆಸರು. ಈ ಹೆಸರು ಶಾಶ್ವತ ಅಲ್ಲ. ರೀಬೂಟ್ ಆದ್ರ ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಸಿ ಆಗಬಹುದು. ಹೋದ ಸಲ ಬರಕೊಂಡ ಚೀಟಿ ನೋಡಿ ಮಾಡಿದ್ರ ಬ್ಯಾರೆಯವರ ಡಿಸ್ಕಿನ ಮ್ಯಾಲ ಕೈ ಇಡ್ತೀವಿ. ಅದಕ್ಕ ಗಾತ್ರ, ಸೀರಿಯಲ್ ನಂಬರ್ ಎರಡೂ ನೋಡಬೇಕು. ನಾ 740 ಅಂತ ಯಾಕ ಅಂದೆ? 500, 750, ಸಾವಿರ ಅಂತ ದುಂಡನ ಲೆಕ್ಕ ಎಲ್ಲಾರೂ ಇಡ್ತಾರ. ಸೊಟ್ಟ ಲೆಕ್ಕ ಇಟ್ರ ಪಟ್ಟಿಯೊಳಗ ನಮ್ಮದು ದೂರದಿಂದಲೇ ಕಾಣ್ತದ. ‘ಎಲ್‌ಎಸ್‌ಬಿಎಲ್‌ಕೆ’ ಹೊಡೆದ್ರ ಗಿಡದ ಟೊಂಗಿಯಂಗ ಬಿಡಿಸಿ ತೋರಸ್ತದ, ಡಿಸ್ಕು 740, ಅದರ ಕೆಳಗ ಪಾರ್ಟಿಷನ್ ಇನ್ನೂ 500, ಅದರ ಕೆಳಗ ವಾಲ್ಯೂಮ್ ಇನ್ನೂ 400. ಯಾವ ಮೆಟ್ಟಲ ತನಕ ಸುದ್ದಿ ಮುಟ್ಟದ ಅಂತ ಅದೇ ಹೇಳ್ತದ. ಒಂದೊಂದು ಮೆಟ್ಟಲ ಆದ ಮ್ಯಾಲೂ ಇದನ್ನ ಮತ್ತ ಹೊಡೀತೀನಿ.

ಕಾಕಾ: ಪಾರ್ಟಿಷನ್ ಹಿಗ್ಗಿಸುವಾಗ ಮುಂದಿಂದು ತುಳಿಯಂಗಿಲ್ಲೇನು? ಬಾಂದಿನ ಮಾತು ಕೇಳಿದ್ರ ನನಗ ಅದೇ ಚಿಂತಿ.

ಮಗಳು: ಮುಂದ ಇನ್ನೊಂದು ಪಾರ್ಟಿಷನ್ ಇದ್ರ ಹಿಗ್ಗಂಗೇ ಇಲ್ಲ, ಕಡೀದಷ್ಟೇ ಹಿಗ್ತದ. ವಿಂಡೋಸ್‌ನ್ಯಾಗ ಬಹಳ ಮಂದಿ ಸಿಕ್ಕೊಳ್ಳೋದು ಇಲ್ಲೇ. ಸಿ ಡ್ರೈವಿನ ಬಲಕ್ಕ ಒಂದು ಸಣ್ಣ ರಿಕವರಿ ಪಾರ್ಟಿಷನ್ ಕುಂತಿರ್ತದ, ಖಾಲಿ ಜಾಗ ಅದರ ಆಚೆ. ‘ಎಕ್ಸ್‌ಟೆಂಡ್’ ಬಟನ್ ಬೂದು ಆಗಿ ಒತ್ಲಿಕ್ಕೇ ಬರಂಗಿಲ್ಲ. ಅದನ್ನ ಬಿಡ್ರಿ. ಲಿನಕ್ಸ್‌ನ್ಯಾಗ ‘ಗ್ರೋಪಾರ್ಟ್’ ಅದ. ಮೊದಲು ‘ಡ್ರೈ ರನ್’ ಅಂತ ಹಾಕಿದ್ರ ಮಾಡ್ದೇ ಏನು ಮಾಡ್ತೀನಿ ಅಂತ ಹೇಳ್ತದ. ನೋಡಬೇಕಾದ್ದು ಒಂದೇ, ಸುರುವಿನ ಸೆಕ್ಟರ್. 2048ರಿಂದ ಸುರು ಆಗಿದ್ರ ಹಿಗ್ಗಿಸಿದ ಮ್ಯಾಲೂ 2048ರಿಂದಲೇ ಸುರು ಆಗಬೇಕು. ತುದಿ ಎಷ್ಟರ ದೂರ ಹೋಗಲಿ, ತಲೆ ಅಲುಗಬಾರದು. ಹಳೇ ಮಂದಿ ಪಾರ್ಟಿಷನ್ ಅಳಿಸಿ ಮತ್ತ ಬರೀತಿದ್ರು. ಡೇಟಾ ಹೋಗಂಗಿಲ್ಲ, ಪಟ್ಟಿ ಅಷ್ಟೇ ಅಳಿಸೋದು. ಆದ್ರ ಮತ್ತ ಬರೆಯುವಾಗ ಸುರುವಿನ ಅಂಕಿ ತಪ್ಪಿತು ಅಂದ್ರ ಫೈಲ್ ಸಿಸ್ಟಂ ಎಲ್ಲದ ಅಂತ ಯಾರಿಗೂ ಸಿಗಂಗಿಲ್ಲ.

ಕಾಕಾ: ಎಷ್ಟು ಬೇಕಾದ್ರೂ ಹಿಗ್ಗಿಸಬಹುದೇನು?

ಮಗಳು: ಪಾರ್ಟಿಷನ್ ಪಟ್ಟಿ ಹಳೇ ಎಂಬಿಆರ್ ನಮೂನಿದು ಇದ್ರ ಎರಡು ಟಿಬಿ ದಾಟಂಗಿಲ್ಲ. ಸೆಕ್ಟರ್ ಎಣಿಸ್ಲಿಕ್ಕೆ ಅದರಾಗ 32 ಬಿಟ್ ಅಷ್ಟೇ ಜಾಗ, ಸೆಕ್ಟರಿಗೆ 512 ಬೈಟ್, ಗುಣಿಸಿದ್ರ ಎರಡು ಟಿಬಿಗೆ ಮುಗೀತದ. ಡಿಸ್ಕು ಮೂರು ಟಿಬಿ ಮಾಡಿಸ್ತೀರಿ, ಮೂರನೇದು ಯಾರಿಗೂ ಕಾಣಂಗಿಲ್ಲ. ಜಿಪಿಟಿ ಪಟ್ಟಿಗೆ ಈ ಕಾಟ ಇಲ್ಲ, ಅದಕ್ಕ ಬ್ಯಾರೆ ಕಾಟ. ಅದು ತನ್ನ ಒಂದು ನಕಲು ಡಿಸ್ಕಿನ ಕೊನೀಗೆ ಇಟ್ಟಿರ್ತದ. ಡಿಸ್ಕು ಹಿಗ್ಗಿದಾಗ ಆ ನಕಲು ನಟ್ಟನಡುವ ಉಳೀತದ, ಅದನ್ನ ಹೊಸ ತುದಿಗೆ ಒಯ್ಯಬೇಕು. ಹೊಸ ಗ್ರೋಪಾರ್ಟ್ ತಾನೇ ಒಯ್ತದ, ಹಳೇ ಸಾಧನದಾಗ ನಾವೇ ಒಯ್ಯಬೇಕು.

ಕಾಕಾ: ಎಲ್‌ವಿಎಂ ಏನು ತಂಟೆ ಮಾಡ್ತದ?

ಮಗಳು: ಅದು ತಂಟೆ ಮಾಡಂಗಿಲ್ಲ, ನಾವೇ ಮಾಡ್ಕೋತೀವಿ. ‘ಪಿವಿರೀಸೈಜ್’ ಅಂದ್ರ ಎಲ್‌ವಿಎಂ ತನ್ನ ಜಾಗ ಮತ್ತೊಮ್ಮೆ ಅಳಕೋತದ. ಆಮ್ಯಾಲಿಂದು ನಾಜೂಕು. ತಡೀರಿ, ಬರೆದೇ ತೋರಸ್ತೀನಿ.

ಅವಳು ಕಾಕಾ ಕೈಯಲ್ಲಿದ್ದ ಜಾತ್ರೆ ಕಮಿಟಿಯ ರಸೀದಿಯನ್ನು ತಿರುವಿ, ಹಿಂದೆ ಎರಡು ಸಾಲು ಬರೆದಳು. ಎರಡೂ ಒಂದೇ ಥರ ಕಾಣುತ್ತಿದ್ದವು. ಒಂದರಲ್ಲಿ 100ರ ಹಿಂದೆ ಕೂಡಿಸುವ ಚಿಹ್ನೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಮಗಳು: ವಾಲ್ಯೂಮ್ ಈಗ 400 ಅದ. ‘ಎಲ್‌ವಿರೀಸೈಜ್’ ಬರೆದು, ಮೈನಸ್ ದೊಡ್ಡ ಎಲ್, +100ಜಿ. ಅಂದ್ರ ನೂರು ಕೂಡಿಸು, 500 ಆಗ್ತದ. ಕೆಳಗಿಂದು ನೋಡ್ರಿ, ಚಿಹ್ನೆ ಇಲ್ಲ. ಅಂದ್ರ 400 ಇದ್ದದ್ದನ್ನ 100ಕ್ಕ ಇಳಿಸು.

ಕಾಕಾ: ಒಂದು ಗೀಟಿಗೆ ಮುನ್ನೂರು ಜಿಬಿ!

ಮಗಳು: ‘ಡೇಟಾ ಹೋಗಬಹುದು, ಮಾಡಲೇನು?’ ಅಂತ ಅದು ಕೇಳ್ತದ. ರಾತ್ರಿ ಎರಡಕ್ಕ ನಿದ್ದಿಗಣ್ಣಾಗ ‘ವೈ’ ಒತ್ತೋರು ಇರ್ತಾರ. ಅದಕ್ಕ ನಾ ರೀಸೈಜ್ ಅನ್ನೋ ಶಬ್ದಾನೇ ಬರೆಯಂಗಿಲ್ಲ, ‘ಎಲ್‌ವಿಎಕ್ಸ್‌ಟೆಂಡ್’ ಬರೀತೀನಿ. ಅದಕ್ಕ ಕುಗ್ಗಿಸ್ಲಿಕ್ಕೆ ಬರಂಗಿಲ್ಲ. ಚಿಹ್ನೆ ಮರೆತ್ರೂ ‘ಇದು ಈಗಿದ್ದದ್ದಕ್ಕಿಂತ ದೊಡ್ಡದಲ್ಲ’ ಅಂತ ಹೇಳಿ ಸುಮ್ಮನಾಗ್ತದ. ಅದಕ್ಕೇ ಸಣ್ಣ ಆರ್ ಒಂದು ಸೇರಿಸಿದ್ರ ಫೈಲ್ ಸಿಸ್ಟಮ್ಮನ್ನೂ ಜೋಡೀಲೇ ಹಿಗ್ಗಿಸ್ತದ, ಕಡೀ ಮೆಟ್ಟಲ ಮರೆಯೋ ಮಾತೇ ಇಲ್ಲ. ಕೈ ತಪ್ಪಿದ್ರೂ ಕೆಡಲಾರದ ಹತಾರ ಇದ್ದಾಗ ಅದನ್ನೇ ಹಿಡೀಬೇಕು, ನಾ ಶ್ಯಾಣ್ಯಾ ಅಂತ ತೋರಸ್ಲಿಕ್ಕೆ ಹೋಗಬಾರದು.

ಕಾಕಾ: ಮೂರು ಡಿಸ್ಕು ಜೋಡಿಸಿ ಒಂದು ಮಾಡಬಹುದಲ್ಲ? ಇದ್ದದ್ದನ್ನ ಯಾಕ ಹಿಗ್ಗಿಸಬೇಕು?

ಮಗಳು: ಮಾಡಬಹುದು. ಎಲ್‌ವಿಎಂ ಹೊಸ ಡಿಸ್ಕನ್ನ ಗ್ರೂಪಿಗೆ ಸೇರಿಸ್ಕೋತದ, ವಾಲ್ಯೂಮು ಒಂದು ಡಿಸ್ಕಿನಿಂದ ಇನ್ನೊಂದಕ್ಕ ಚಾಚ್ಕೋತದ. ಪಾರ್ಟಿಷನ್ ಗೋಜಲೇ ಇಲ್ಲ, ಅದು ಸುಖ. ಆದ್ರ ಮೂರರಾಗ ಒಂದು ಸತ್ತರೂ ಇಡೀ ವಾಲ್ಯೂಮ್ ಕೈಕೊಡ್ತದ. ಕೆಳಗ ರೇಡ್ ಇದ್ದು, ಡಿಸ್ಕು ಸತ್ತರ ಅದು ತಡಕೋತದ ಅನ್ನಂಗಿದ್ರ ಸರಿ. ಬರೇ ಮೂರು ಬಿಡಿ ಡಿಸ್ಕು ಪೋಣಿಸಿದ್ರ ಒಂದು ಅಪಾಯ ಇದ್ದದ್ದು ಮೂರಾತು.

ಕಾಕಾ: ನಾವು ಮ್ಯುಟೇಷನ್ ರಿಜಿಸ್ಟರ್ ಬರೆಯುವಾಗ ಹಳೇ ನಮೂದು ಅಳಿಸ್ತಿರಲಿಲ್ಲ. ಯಾವ ತಾರೀಖಿಗೆ, ಯಾರ ಹುಕುಂ ಮ್ಯಾಲ ಬದಲಾತು ಅಂತ ಬರೀಬೇಕಿತ್ತು. ನಿಮ್ಮಲ್ಲಿ ಇದನ್ನೆಲ್ಲಾ ಯಾರು ಬರೀತಾರ?

ಮಗಳು: ಬರೀಬೇಕು. ನಾ ಸುರು ಮಾಡೋಕಿಂತ ಮೊದಲು ಪಾರ್ಟಿಷನ್ ಪಟ್ಟಿ, ಎಲ್‌ವಿಎಂ ಸಂರಚನೆ ಎರಡನ್ನೂ ಫೈಲಿಗೆ ಬರೆದು ಬ್ಯಾರೆ ಮಷೀನಿನ್ಯಾಗ ಇಡ್ತೀನಿ. ಅದೇ ಸರ್ವರ್‌ನ್ಯಾಗ ಇಟ್ರ, ಅದು ಹೋದಾಗ ಚೀಟೀನೂ ಹೋಗ್ತದ. ಎಲ್‌ವಿಎಂ ತಾನೂ ಪ್ರತಿ ಬದಲಾವಣೆಯ ಹಳೇ ಸಂರಚನೆ ಬರೆದಿಡ್ತದ, ಅದಕ್ಕೊಂದು ಶಾಭಾಶ್ ಅನ್ನಬೇಕು. ಆದ್ರ ಅದು ನಕಾಶಿ ಅಷ್ಟೇ, ಒಳಗಿನ ಫೈಲ್ ಅಲ್ಲ.

ಕಾಕಾ: ಫೈಲಿಗೆ ಬ್ಯಾಕಪ್ ಇರ್ತದಲ್ಲ.

ಮಗಳು: ಎಲ್ಲಾರೂ ‘ಇರ್ತದ’ ಅಂತಾರ. ಒಮ್ಮೆ ವಾಪಸ್ ತೆಗೆದು ನೋಡ್ರಿ ಅಂದ್ರ ಮಾರಿ ಸಣ್ಣದಾಗ್ತದ. ನಿನ್ನೆ ಆ ಹುಡುಗಗೆ ಹೇಳಿದ್ದು ಅದನ್ನೇ. ಮೊನ್ನಿನ ಬ್ಯಾಕಪ್ಪಿನಿಂದ ಯಾವುದಾದ್ರೂ ಒಂದು ಫೋಲ್ಡರ್ ಬ್ಯಾರೆ ಮಷೀನಿಗೆ ಇಳಿಸಿ, ಪುಟ ತೆರೀತಾವೇನು ನೋಡಿ ನನಗ ಹೇಳು. ಅದು ಆಗೋ ತನಕ ಯಾರೂ ಡಿಸ್ಕು ಮುಟ್ಟಬ್ಯಾಡ್ರಿ. ಅವ ‘ಸ್ನ್ಯಾಪ್‌ಶಾಟ್ ಅದಲ್ಲ ಮೇಡಂ’ ಅಂದ. ಸ್ನ್ಯಾಪ್‌ಶಾಟ್ ಅಂದ್ರ ಡಿಸ್ಕಿನ ಆ ಹೊತ್ತಿನ ಸ್ಥಿತಿ ಹಿಡಿದಿಟ್ಟದ್ದು, ಅದೂ ಅದೇ ಡಿಸ್ಕಿನ ಮ್ಯಾಲ ಕುಂತದ. ಡಿಸ್ಕೇ ಹೋದ್ರ ಸ್ನ್ಯಾಪ್‌ಶಾಟ್ ಎಲ್ಲಿ ನಿಂದರ್ತದ? ಅಲ್ದೇ ವರ್ಚುವಲ್ ಮಷೀನು ನಡೆಸೋ ವಿಎಂವೇರ್‌ನ್ಯಾಗ ಸ್ನ್ಯಾಪ್‌ಶಾಟ್ ಇರೋ ತನಕ ಆ ಡಿಸ್ಕು ಹಿಗ್ಗಿಸ್ಲಿಕ್ಕೇ ಬಿಡಂಗಿಲ್ಲ. ಯಾರೋ ಯಾವಾಗ್ಲೋ ತೆಗೆದು ಮರೆತದ್ದು ಒಳಗ ಕುಂತು ತಾನೂ ಬೆಳೀಲಕತ್ತಿರ್ತದ. ಅದನ್ನ ಮೊದಲು ಕಳಚಬೇಕು.

ಕಾಕಾ: ಇಷ್ಟೆಲ್ಲಾ ಆಗೋದರೊಳಗ ನಿನ್ನ ಆ ಡಿಸ್ಕು ಪೂರಾ ತುಂಬಿ ಬಿಟ್ರ?

ಮಗಳು: ಇಎಕ್ಸ್‌ಟಿ4 ಸುರುವಿನಿಂದ ನೂರಕ್ಕ ಐದು ಪಾಲು ರೂಟ್ ಅನ್ನೋ ಯಜಮಾನಗ ಅಂತ ತೆಗೆದಿಟ್ಟಿರ್ತದ, ಉಳಿದವರಿಗೆ ಮುಗೀತು ಅಂದ್ರೂ ಅವಗ ಉಳಿದಿರ್ತದ. 400 ಜಿಬಿಗೆ 20 ಜಿಬಿ ಆತಲ್ಲ. ಬರೇ ಡೇಟಾ ಇಡೋ ವಾಲ್ಯೂಮಿಗೆ ಅಷ್ಟು ಬೇಕಿಲ್ಲ. ಎರಡು ಪಾಲಿಗೆ ಇಳಿಸಿದ್ರ ನಿಂತ ನಿಲುವಿನಲ್ಲಿ 12 ಜಿಬಿ ಸಿಗ್ತದ, ಆರು ದಿನ ಗೆದ್ದಂಗ. ಅಷ್ಟು ಹೊತ್ತು ಸಿಕ್ರ ಸಾಕು, ಅವಸರದಾಗ ಮಾಡೋದು ತಪ್ಪತದ.

ಕಾಕಾ: ಈಗ ಎಲ್ಲಿಗೆ ಬಂತು?

ಮಗಳು: ಮುಂಜಾನೆ ಹುಡುಗ ಫೋನ್ ಮಾಡಿದ್ದ. ಫೋಲ್ಡರ್ ಇಳಿಸ್ಯಾನ, ಪುಟ ತೆರೀತಾವ. ಮಧ್ಯಾಹ್ನ ಅವನೇ ಒಂದೊಂದು ಮೆಟ್ಟಲ ಮಾಡಿದ, ನಾ ಇಲ್ಲಿ ಹೊಳಿ ದಂಡ್ಯಾಗ ಸಿಗ್ನಲ್ ಹಿಡಕೊಂಡು ಕೇಳಿದೆ. ಹೊಡಿಯೋಕಿಂತ ಮೊದಲು ಪ್ರತಿ ಸಾಲೂ ಓದಿಸಿದೆ. ‘ಪ್ಲಸ್ ಅಂತ ಬಾಯಿಬಿಟ್ಟು ಹೇಳು’ ಅಂದೆ. ವಾಲ್ಯೂಮ್ 600 ಆತು, ಗ್ರೂಪಿನ್ಯಾಗ ಉಳಿದದ್ದನ್ನ ಹಂಗೇ ಬಿಟ್ಟೀವಿ. ಒಳಗ ಕೆಲಸ ಮಾಡ್ಲಕತ್ತೋರಿಗೆ ಗೊತ್ತೇ ಆಗಿಲ್ಲ.

ಕಾಕಾ: ಹಂಗಾದ್ರ ನಿನ್ನ ಚಿಂತಿ ಮುಗೀತು, ಊಟಕ್ಕ ಏಳು.

ಮಗಳು: ಮುಗಿದಿಲ್ಲ. ಇನ್ನ ಮುಂದ 600 ಜಿಬಿ ತುಂಬ್ತದಲ್ಲ, ಬ್ಯಾಕಪ್ ಇಡೋ ಡಿಸ್ಕು ಹಳೇ 400ರ ಲೆಕ್ಕಕ್ಕೇ ತಂದದ್ದು. ಅದಕ್ಕ ಸೋಮವಾರ ಬ್ಯಾರೆ ಅರ್ಜಿ ಹಾಕಬೇಕು.

ಕಾಕಾ: ರೊಕ್ಕ ಕೊಡೋರು ಏನಂತಾರ?

ಮಗಳು: ‘ಈಗ ತಾನೇ ಕೊಟ್ಟೀವಲ್ಲ’ ಅಂತಾರ.